ತೆರಿಗೆ ಪ್ರಶ್ನೋತ್ತರ: ಇಲಾಖೆಯ ಕೈ ಎಲ್ಲಿಯವರೆಗೆ ಚಾಚೀತು?

ಈ ಸಲದ ಪ್ರಶ್ನೆಗಳೆಲ್ಲ ಆದಾಯ ತೆರಿಗೆ ಇಲಾಖೆಯ ಅಧಿಕಾರಕ್ಕೆ ಸಂಬಂಧಿಸಿದವು. 2025ರ ಹೊಸ ಕಾಯ್ದೆ ಜಾರಿಯಾಗುವುದು 2026ರ ಏಪ್ರಿಲ್ 1ರಿಂದ. ಹಿಂದಿನ ವರ್ಷಗಳ ಲೆಕ್ಕಕ್ಕೆ 1961ರ ಕಾಯ್ದೆಯೇ ಆಧಾರವಾದ್ದರಿಂದ ಇಲ್ಲಿರುವುದು ಆ ಕಾಯ್ದೆಯ ಸೆಕ್ಷನ್ ಸಂಖ್ಯೆಗಳು.

ಪ್ರಶ್ನೆ: ಹಳೆಯ ವರ್ಷದ ₹41,200 ಬಾಕಿಯನ್ನು ಈ ವರ್ಷದ ರಿಫಂಡಿನಲ್ಲಿ ಮುರಿದುಕೊಳ್ಳುವುದಾಗಿ ಬೆಂಗಳೂರಿನ ಸಿಪಿಸಿಯಿಂದ (ರಿಟರ್ನುಗಳನ್ನು ಪರಿಶೀಲಿಸುವ ಇಲಾಖೆಯ ಕೇಂದ್ರ) ಇಮೇಲ್ ಬಂದಿದೆ. ಆ ವರ್ಷ ಠೇವಣಿ ಬಡ್ಡಿಗೆ ಬ್ಯಾಂಕಿನವರು ಟಿಡಿಎಸ್ (ಮೂಲದಲ್ಲೇ ತೆರಿಗೆ) ಹಿಡಿದಿದ್ದರು. ಕಟ್ಟದಿದ್ದರೆ ನನ್ನ ಉಳಿತಾಯ ಖಾತೆಗೂ ಕೈ ಹಾಕುತ್ತಾರೆಯೇ?
— ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಹಾಕುವ ಅಧಿಕಾರವಿದೆ, ಆದರೆ ಅಲ್ಲಿಗೆ ಹೋಗುವ ಮೊದಲು ಹಲವು ಮೆಟ್ಟಿಲುಗಳಿವೆ. ನಿಮಗೆ ಬಂದಿರುವುದು ಸೆಕ್ಷನ್ 245ರ ತಿಳಿವಳಿಕೆ ಪತ್ರ. ಉತ್ತರಿಸಲು 21 ದಿನ ಸಿಗುತ್ತದೆ. ಸುಮ್ಮನಿದ್ದರೆ ರಿಫಂಡು ಬಾಕಿಗೆ ಜಮಾ ಆಗುತ್ತದೆ.

ಮೊದಲು ಆ ವರ್ಷದ 26ಎಎಸ್ (ನಿಮ್ಮ ಪ್ಯಾನ್‌ಗೆ ಜಮಾ ಆದ ತೆರಿಗೆಯ ಪಟ್ಟಿ) ತೆಗೆದು ನೋಡಿ. ಬ್ಯಾಂಕು ಹಿಡಿದ ಮೊತ್ತ ಅಲ್ಲಿದ್ದೂ ಸಿಪಿಸಿ ಗಣನೆಗೆ ತೆಗೆದುಕೊಂಡಿಲ್ಲವಾದರೆ ಕೆಲಸ ಸುಲಭ. ಇಲಾಖೆಯ ಇ-ಫೈಲಿಂಗ್ ಪೋರ್ಟಲಿನ ‘ಸರ್ವಿಸಸ್’ ಅಡಿಯ ‘ರೆಕ್ಟಿಫಿಕೇಶನ್’ಗೆ ಹೋಗಿ ‘ಟ್ಯಾಕ್ಸ್ ಕ್ರೆಡಿಟ್ ಮಿಸ್‌ಮ್ಯಾಚ್’ ಆಯ್ದು ಸೆಕ್ಷನ್ 154ರ ಅರ್ಜಿ ಹಾಕಿ. ಮೂಲ ಆದೇಶ ಹೊರಟ ಹಣಕಾಸು ವರ್ಷ ಮುಗಿದ ಮೇಲೆ 4 ವರ್ಷ ಇದಕ್ಕೆ ಅವಕಾಶ. ಮೊತ್ತ 26ಎಎಸ್‌ನಲ್ಲೇ ಇಲ್ಲದಿದ್ದರೆ ಬ್ಯಾಂಕಿನ ವಿವರಪಟ್ಟಿಯಲ್ಲಿ ತಪ್ಪಿದೆ ಎಂದರ್ಥ. ಪ್ಯಾನ್‌ನ ಒಂದು ಅಕ್ಷರ ತಪ್ಪಾದರೂ ನಿಮ್ಮ ಹಣ ಬೇರೊಬ್ಬರ ಹೆಸರಿಗೆ ಹೋಗಿ ಕೂರುತ್ತದೆ. ಇದನ್ನು ಇಲಾಖೆ ತಿದ್ದುವುದಿಲ್ಲ. ಬ್ಯಾಂಕೇ ತನ್ನ ಟಿಡಿಎಸ್ ವಿವರಪಟ್ಟಿಯಾದ 26ಕ್ಯು ನಮೂನೆಗೆ ತಿದ್ದುಪಡಿ ಸಲ್ಲಿಸಬೇಕು. ಕಡಿತ ಕಾಣುವ ಖಾತೆಯ ಪುಟದ ಪ್ರತಿ ಇಟ್ಟು ಶಾಖೆಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಮೂಲದಲ್ಲೇ ಹಿಡಿದ ತೆರಿಗೆಯನ್ನು ಮತ್ತೆ ನಿಮ್ಮಿಂದಲೇ ಕೇಳುವಂತಿಲ್ಲ ಎನ್ನುವ ಸೆಕ್ಷನ್ 205 ನಿಮ್ಮ ಬೆಂಬಲಕ್ಕಿದೆ.

ಜೊತೆಗೆ ‘ಪೆಂಡಿಂಗ್ ಆಕ್ಷನ್ಸ್’ ಅಡಿಯ ‘ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್’ನಲ್ಲಿ ಒಪ್ಪುವುದಿಲ್ಲ ಎಂದು ದಾಖಲಿಸಿ ಕಾರಣ ಕೊಡಿ. ಅನೇಕರು ಎಡವುವುದು ಇಲ್ಲಿ: ಪೀಡೆ ತೊಲಗಲಿ ಎಂದು ‘ಡಿಮ್ಯಾಂಡ್ ಈಸ್ ಕರೆಕ್ಟ್’ ಒತ್ತಿಬಿಟ್ಟರೆ ಆಮೇಲೆ ತಕರಾರು ತೆಗೆಯಲು ಬಿಡುವುದಿಲ್ಲ.

ಏನೂ ಮಾಡದಿದ್ದರೆ? ಡಿಮ್ಯಾಂಡ್ ನೋಟಿಸು ತಲುಪಿ 30 ದಿನ ಕಳೆದ ಮೇಲೆ ತಿಂಗಳಿಗೆ ಶೇ 1ರ ಬಡ್ಡಿ, ನಿಮ್ಮ ಮೊತ್ತಕ್ಕೆ ₹412. ತಿಂಗಳ ಒಂದೇ ದಿನ ಮೀರಿದರೂ ಪೂರ್ತಿ ತಿಂಗಳ ಲೆಕ್ಕ. ಆಮೇಲೂ ಕಟ್ಟದಿದ್ದರೆ ಸೆಕ್ಷನ್ 226(3)ರಡಿ ನೇರ ಬ್ಯಾಂಕಿಗೇ ನೋಟಿಸು ಹೋಗಿ ಖಾತೆಯ ಹಣ ವಸೂಲಾಗಬಹುದು. ಜಂಟಿ ಖಾತೆಯಾದರೆ ಬೇರೆ ಎಂದು ತೋರಿಸುವ ತನಕ ಪಾಲು ಸಮಸಮ ಎಂದೇ ಹಿಡಿಯುತ್ತಾರೆ.

ಪ್ರಶ್ನೆ: ಅಂಗಡಿಗೆ ‘ಸರ್ವೆ’ಗೆ ಬಂದವರು ಗಲ್ಲಾಪೆಟ್ಟಿಗೆಯ ಹಣ ಒಯ್ಯಬಹುದೇ?
— ಬಟ್ಟೆ ವ್ಯಾಪಾರಿ, ದಾವಣಗೆರೆ

ಉತ್ತರ: ಒಯ್ಯುವಂತಿಲ್ಲ. ಜನ ಎಲ್ಲವನ್ನೂ ‘ರೈಡ್’ ಎನ್ನುತ್ತಾರೆ, ಕಾನೂನಿನಲ್ಲಿ ಸರ್ವೆ ಬೇರೆ, ಶೋಧ ಬೇರೆ. ಸೆಕ್ಷನ್ 133ಎ ಸರ್ವೆಯಲ್ಲಿ ವ್ಯಾಪಾರದ ಹೊತ್ತಿನಲ್ಲಿ ಒಳಬಂದು ನಗದು ಎಣಿಸಬಹುದು, ದಾಸ್ತಾನು ಅಳೆದು ಪಟ್ಟಿ ಮಾಡಬಹುದು, ಹೇಳಿಕೆ ಪಡೆಯಬಹುದು. ಲೆಕ್ಕದ ಪುಸ್ತಕಗಳನ್ನು ಕಾರಣ ಬರೆದಿಟ್ಟು ಒಯ್ಯಬಹುದು. ರಜಾದಿನ ಬಿಟ್ಟು 15 ದಿನ ಮೀರಿದರೆ ಮೇಲಧಿಕಾರಿಯ ಅನುಮತಿ ಬೇಕು. ಹೇಳಿಕೆಗೆ ಸಹಿ ಹಾಕುವ ಮುನ್ನ ದಾಸ್ತಾನಿನ ಬೆಲೆಯನ್ನು ಖರೀದಿ ದರದಲ್ಲಿ ಹಿಡಿದಿದ್ದಾರೋ ಮಾರಾಟ ದರದಲ್ಲೋ ನೋಡಿಕೊಳ್ಳಿ. ‘ಹೆಚ್ಚುವರಿ ದಾಸ್ತಾನು’ ಹುಟ್ಟಿಕೊಳ್ಳುವುದು ಎಷ್ಟೋ ಸಲ ಇದೇ ವ್ಯತ್ಯಾಸದಿಂದ.

ಸೆಕ್ಷನ್ 132ರ ಶೋಧಕ್ಕೆ ವಾರಂಟು ಬೇಕು, ಪಂಚರ ಎದುರು ಪಂಚನಾಮೆ ಆಗಬೇಕು. ಬೀಗ ಒಡೆಯುವ, ಲೆಕ್ಕವಿಲ್ಲದ ನಗದು ಮತ್ತು ಚಿನ್ನ ಜಪ್ತಿ ಮಾಡುವ ಅಧಿಕಾರ ಅಲ್ಲಿದೆ. ಆದರೂ ಮಾರಾಟಕ್ಕಿಟ್ಟ ಸರಕನ್ನು ಜಪ್ತಿ ಮಾಡುವಂತಿಲ್ಲ. ಮನೆಯ ಒಡವೆಯಲ್ಲಿ ವಿವಾಹಿತೆಗೆ 500 ಗ್ರಾಂ, ಅವಿವಾಹಿತೆಗೆ 250, ಗಂಡಸಿಗೆ 100 ಗ್ರಾಂವರೆಗೆ ಬಿಡಬೇಕೆಂದು 1994ರ ಮೇ 11ರ ಸೂಚನೆ ಹೇಳುತ್ತದೆ. ಇದು ಜಪ್ತಿಯಿಂದ ವಿನಾಯಿತಿ ಮಾತ್ರ. ಚಿನ್ನ ಎಲ್ಲಿಂದ ಬಂತು ಎಂದು ಕೇಳಿದರೆ ಹೇಳಬೇಕಾಗುತ್ತದೆ.

ಪ್ರಶ್ನೆ: ಕಾಫಿ ಕೃಷಿ ಆದಾಯವಲ್ಲವೇ? ಕೇಂದ್ರಕ್ಕೇಕೆ ತೆರಿಗೆ?
— ಬೆಳೆಗಾರರು, ಮೂಡಿಗೆರೆ

ಉತ್ತರ: ಹಣ್ಣು ಇಲ್ಲವೇ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ) ಆಗಿಯೇ ಮಾರಿದರೆ ಪೂರ್ತಿ ಕೃಷಿ ಆದಾಯ, ಕೇಂದ್ರ ಮುಟ್ಟುವಂತಿಲ್ಲ. ಕ್ಯೂರಿಂಗ್ (ಬೀಜದ ಹೊಟ್ಟು ತೆಗೆದು ಹಸನು ಮಾಡುವುದು) ಮಾಡಿಸಿ ನೀವೇ ಮಾರಿದರೆ 7ಬಿ ನಿಯಮದ ಪ್ರಕಾರ ಲಾಭದ ಶೇ 25 ವ್ಯಾಪಾರದ ಆದಾಯವಾಗುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ ಶೇ 40. ₹12 ಲಕ್ಷ ಲಾಭದಲ್ಲಿ ಕ್ಯೂರಿಂಗ್ ಮಟ್ಟಕ್ಕೆ ₹3 ಲಕ್ಷ, ಪುಡಿಯ ಮಟ್ಟಕ್ಕೆ ₹4.8 ಲಕ್ಷ ರಿಟರ್ನಿಗೆ ಬರುತ್ತದೆ.

ಪ್ರಶ್ನೆ: ನೋಟಿಸು ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?
— ಓದುಗರು, ಗದಗ

ಉತ್ತರ: 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಎಂಬ ಸಂಖ್ಯೆ ಕಡ್ಡಾಯ. ಇ-ಫೈಲಿಂಗ್ ಪೋರ್ಟಲಿನ ಮುಖಪುಟದಲ್ಲಿ ‘ಆಥೆಂಟಿಕೇಟ್ ನೋಟಿಸ್’ ಒತ್ತಿ ಆ ಸಂಖ್ಯೆ ಕೊಟ್ಟು ನೋಡಿ, ಲಾಗಿನ್ ಬೇಕಿಲ್ಲ. ಅಲ್ಲಿ ಸಿಗದಿದ್ದರೆ ಪತ್ರದಲ್ಲಿರುವ ಲಿಂಕ್ ಮುಟ್ಟಬೇಡಿ.