ಕೈಗಾ ಅಣುಸ್ಥಾವರದ ಪಕ್ಕ ಇದ್ದು ಹೆದ್ರಿಕೆ ಆಗಲ್ವಾ ಅಂದ್ರೆ

ಹೆದ್ರಿಕೆ ಇದೆ ಮಾರಾಯ್ರೆ, ಆದ್ರೆ ನೀವು ಅಂದ್ಕೊಂಡ ಕಡೆಯಿಂದ ಅಲ್ಲ. ಮಳೆ, ನೆರೆಯಿಂದ ಸ್ಥಾವರಕ್ಕೆ ಎಷ್ಟು ಅಪಾಯ ಅಂತ ಮೆಷಿನ್ ಲರ್ನಿಂಗ್ ಹೇಳುತ್ತಾ ಅಂತಲೂ ಕೇಳಿದ್ರಲ್ಲ, ಅದಕ್ಕೂ ಬರ್ತೀನಿ. ನಮ್ದು ಕಾರವಾರ, ಮಾಜಾಳಿ ದಾಟಿದ್ರೆ ಗೋವಾ, ಮನೇಲಿ ಕೊಂಕಣಿ ಹೊರಗೆ ಕನ್ನಡ, ಜುಲೈ ಬಂತು ಅಂದ್ರೆ ಎರಡೂ ಭಾಷೇಲಿ ಕೇಳೋದು ಒಂದೇ ಮಾತು, ಕದ್ರಾ ಡ್ಯಾಂ ಗೇಟ್ ತೆಗ್ದ್ರಾ?

ನದಿ ಹೆಂಗಿದೆ ಹೇಳ್ತೀನಿ. ಕಾಳಿ ಮೇಲಿಂದ ಬರೋವಾಗ ಸೂಪಾ ಡ್ಯಾಂ, ಆಮೇಲೆ ಕೊಡಸಳ್ಳಿ, ಆಮೇಲೆ ಕೈಗಾ, ಅದರ ಕೆಳಗೆ ಕದ್ರಾ ಡ್ಯಾಂ, ಕದ್ರಾ ಕೆಳಗೆ ಮಲ್ಲಾಪುರ, ನಾವೆಲ್ಲ, ಕೊನೆಗೆ ಸಮುದ್ರ. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಯೂನಿಟ್, ತಂಪು ಮಾಡೋ ನೀರು ಕದ್ರಾ ಹಿನ್ನೀರಿಂದು. 2019ರಲ್ಲೂ 2021ರಲ್ಲೂ ಕದ್ರಾದಿಂದ ನೀರು ಬಿಟ್ಟಾಗ ಮುಳುಗಿದ್ದು ಕೆಳಗಿನ ಮನೆ, ತೋಟ. ನಮ್ಮ ಮಾವಶಿ (ಅಮ್ಮನ ಸೋದರಿ) 2021ರಲ್ಲಿ ಅಕ್ಕಿ ಡಬ್ಬ ಅಟ್ಟಕ್ಕೇರಿಸಿ, ದನದ ಹಗ್ಗ ಬಿಚ್ಚಿ, ಹಾಕ್ಕೊಂಡಿದ್ದ ಬಟ್ಟೇಲೇ ಗುಡ್ಡ ಹತ್ತಿದ್ರು, ಅವರಿಗೆ ರಿಯಾಕ್ಟರ್ ನೆನಪೇ ಆಗ್ಲಿಲ್ವಂತೆ.

ಈಗ ನೀವು ಕೇಳಿದ ಮೆಷಿನ್ ಲರ್ನಿಂಗ್ ವಿಷ್ಯ, ಅಂದ್ರೆ ಹಳೇ ಲೆಕ್ಕ ನೋಡಿ ಕಂಪ್ಯೂಟರ್ ತಾನೇ ಕಲಿಯೋದು. ಎಷ್ಟೋ ದೇಶದಲ್ಲಿ ಅಣುಸ್ಥಾವರಕ್ಕೆ ಹತ್ತು ಸಾವಿರ ವರ್ಷಕ್ಕೊಮ್ಮೆ ಬರೋವಂಥ ನೆರೆಯನ್ನೂ ಲೆಕ್ಕ ಹಾಕಿ ಕಟ್ಟಬೇಕು ಅಂತಾರೆ, ಆದ್ರೆ ಮಳೆ ಅಳೆದ ಲೆಕ್ಕ ಇರೋದು ಹೆಚ್ಚಂದ್ರೆ ನೂರೈವತ್ತು ವರ್ಷದ್ದು, ಘಟ್ಟದ ಒಳಗಂತೂ ಅಷ್ಟೂ ಇಲ್ಲ. ಹಂಗಾಗಿ ಕಂಪ್ಯೂಟರಲ್ಲಿ ಸಾವಿರಾರು ವರ್ಷದ ಮಳೆಗಾಲ ಓಡಿಸಿ ನೋಡ್ತಾರೆ, ಗಾಳಿ, ನೀರಿನ ಸೂತ್ರ ಬಿಡಿಸೋ ಫಿಸಿಕ್ಸ್ ಮಾಡೆಲ್‌ಗೆ ಅದು ತುಂಬಾ ದಿನದ ಕೆಲಸ, ಹಿಂಗೆ ಕಲಿತ ಮಾಡೆಲ್ ಅದಕ್ಕಿಂತ ಎಷ್ಟೋ ಬೇಗ ಮುಗಿಸುತ್ತೆ, ಲಾಭ ಇರೋದೇ ಅಲ್ಲಿ. ನದಿ ನೀರು ಎಷ್ಟು ಬರ್ಬಹುದು ಅಂತ ಅಳತೆ ಇಲ್ಲದ ಹಳ್ಳಕ್ಕೂ ಬೇರೆ ನದಿಗಳಿಂದ ಕಲಿತು ಅಂದಾಜು ಹೇಳುತ್ತೆ. ಆದ್ರೆ ಸರಾಸರಿ ತಪ್ಪು ಕಮ್ಮಿ ಮಾಡೋಕೆ ಅಂತ ಕಲಿಸಿದ ಮಾಡೆಲ್ ದೊಡ್ಡ ಮಳೆಯನ್ನ ಒಂಚೂರು ಸವರಿ ಸಣ್ಣದು ಮಾಡಿಬಿಡುತ್ತೆ, ದಿನಕ್ಕೆ 60 ಮಿ.ಮೀ. ಬೀಳೋ ದಿನ ಅದು ಹುಷಾರು, ಹವಾಮಾನ ಇಲಾಖೆ ವಿಪರೀತ ಮಳೆ ಅಂತ ಕರೆಯೋ 204 ದಾಟಿದ ದಿನಾನೇ ಎಡವೋದು, ನಮಗೆ ಬೇಕಾಗಿರೋದು ಆ ದಿನದ್ದೇ.

ಇನ್ನೊಂದು, ಅಪಾಯ ಒಂದೊಂದಾಗಿ ಬರಲ್ಲ. ಫ್ರಾನ್ಸ್‌ನ ಬ್ಲಾಯೆ ಸ್ಥಾವರದಲ್ಲಿ 1999ರ ಡಿಸೆಂಬರಲ್ಲಿ ಬಿರುಗಾಳಿ, ಉಬ್ಬರ, ಅಲೆ ಎಲ್ಲ ಒಟ್ಟಿಗೆ ಬಂದು ತಡೆಗೋಡೆ ದಾಟಿ ನೀರು ಒಳಗೆ ಹೋಗಿ ಕೆಲವು ಪಂಪ್ ಕೆಟ್ಟವು, ಅದೇ ಗಾಳಿಗೆ ಕರೆಂಟ್ ಲೈನೂ ಹೋಯ್ತು. ರಿಯಾಕ್ಟರ್ ಬಂದ್ ಮಾಡಿದ್ರೂ ಆ ಕ್ಷಣಕ್ಕೆ ನೂರಕ್ಕೆ ಆರೇಳು ಪಾಲು ಶಾಖ ಉಳಿದೇ ಇರುತ್ತೆ, ಅದನ್ನ ತೆಗೆಯೋಕೆ ನೀರು ಬೇಕು, ಕರೆಂಟ್ ಬೇಕು, ಡೀಸೆಲ್ ಬೇಕು, ಶಿಫ್ಟ್ ಬದಲಾಯಿಸೋ ಜನ ಬೇಕು.

ನನ್ನ ತಕರಾರು ಈ ಕೊನೇದ್ರ ಮೇಲೆ, ಆ ಜನ, ಡೀಸೆಲ್ ಬರೋ ದಾರಿ ಮೇಲೆ. ಗೋಡೆ ಎಷ್ಟು ಎತ್ತರ ಅನ್ನೋದನ್ನ ಎಷ್ಟು ಲೆಕ್ಕ ಹಾಕಿದ್ರೂ ಗುಡ್ಡ ಜಾರಿ ರಸ್ತೆ ಮುಚ್ಚಿದ್ರೆ ಏನು ಗತಿ? 2024ರ ಜುಲೈ 16ಕ್ಕೆ ಅಂಕೋಲಾ ಹತ್ರದ ಶಿರೂರಲ್ಲಿ ಹೈವೇ ಮೇಲೇ ಗುಡ್ಡ ಬಂದು ಕೂತಿದ್ದು ನೀವೂ ಟಿವೀಲಿ ನೋಡಿರ್ತೀರಿ. ಮಾಡೆಲ್‌ಗೆ ಮಳೆ ಮಾತ್ರ ಅಲ್ಲ, ರಸ್ತೆಗೆ ಅಂತ ಕಡಿದ ಗುಡ್ಡದ ಇಳಿಜಾರು, ಮಣ್ಣು ಎಷ್ಟು ನೆಂದಿದೆ, ಮೇಲಿನ ಡ್ಯಾಂ ಎಷ್ಟು ತುಂಬಿದೆ, ಇದೆಲ್ಲ ಒಟ್ಟಿಗೆ ತಿನ್ನಿಸ್ಬೇಕು. ಕದ್ರಾ ನೋಡಿ, ಕೆಳಗಿನ ನಮಗೆ ಮಳೆಗಾಲದಲ್ಲಿ ಅದು ಖಾಲಿ ಇದ್ದಷ್ಟೂ ನಿದ್ದೆ ಬರುತ್ತೆ, ಮೇಲಿನ ಸ್ಥಾವರಕ್ಕೆ ನೀರು ತೀರಾ ಇಳಿಯೋ ಹಾಗಿಲ್ಲ.

ನೋಡ್ಬೇಕಂದ್ರೆ ನವೆಂಬರಲ್ಲಿ ಬನ್ನಿ, ಕಾಳಿ ಆಗ ಹಸಿರಾಗಿ ಸುಮ್ನೆ ಹರಿತಿರುತ್ತೆ, ಮಾವಶಿ ಮನೇಲಿ ಬಂಗಡೆ ಸಾರು ಊಟ, ಗೋಡೆ ಮೇಲೆ ನೀರು ನಿಂತ ಗೆರೆಯನ್ನ ಅವರೇ ಕೈ ಇಟ್ಟು ತೋರಿಸ್ತಾರೆ.