ಟ್ರೈಲರ್ ಎಳೆಯುವ ಪಿಕಪ್‌ಗೆ ಮೊದಲು ತಂಪು, ಆಮೇಲೆ ಪವರ್

ಪ್ರಶ್ನೆ: ನನ್ನದು 2.5 ಲೀಟರ್ ಟರ್ಬೊ ಡೀಸೆಲ್ ಪಿಕಪ್. ಇಂಟರ್‌ಕೂಲರ್ ಇದೆ, 1.6 ಲಕ್ಷ ಕಿ.ಮೀ. ಓಡಿದೆ. ದಿನಾ ಆಲೆಮನೆಯಿಂದ ಮಂಡ್ಯದ ಮಂಡಿಗೆ ಬೆಲ್ಲ ಹೊಡೆಯುತ್ತೇನೆ. ಜಾತ್ರೆ ಸಮಯದಲ್ಲಿ ಜನರೇಟರ್ ಟ್ರೈಲರ್ ಕಟ್ಟಿಕೊಂಡು ಮಹದೇಶ್ವರ ಬೆಟ್ಟಕ್ಕೆ ಹೋದರೆ ತಾಳಬೆಟ್ಟ ದಾಟಿದ ಮೇಲೆ ಗಾಡಿ ಎಳೆಯುವುದೇ ಇಲ್ಲ, ಟೆಂಪರೇಚರ್ ಮುಳ್ಳು ಬೇರೆ ಏರುತ್ತದೆ. ಸೂಪರ್‌ಚಾರ್ಜರ್ ಹಾಕಿಸಿದರೆ ಸರಿಹೋಗುತ್ತದೆಯೇ?
– ಪಾಂಡವಪುರದ ಓದುಗರು

ಉತ್ತರ: ಹಾಕಿಸಬೇಡಿ. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ತಿರುಗುವುದು ಕ್ರ್ಯಾಂಕ್‌ನಿಂದ ಬರುವ ಬೆಲ್ಟ್‌ನ ಬಲದಲ್ಲಿ. ನಿಮ್ಮ ಎಂಜಿನ್ 3,000 ಆರ್‌ಪಿಎಂನಲ್ಲಿ ಓಡುವಾಗ ಹೊರಗಿನ ಗಾಳಿಗಿಂತ 1 ಬಾರ್ ಹೆಚ್ಚು ಒತ್ತಡದ ಗಾಳಿ ಕೊಡಲು ಅದು ಸುಮಾರು 15 ಎಚ್‌ಪಿ ತಾನೇ ತಿನ್ನುತ್ತದೆ. ಸೈಲೆನ್ಸರ್‌ನಲ್ಲಿ ಸುಮ್ಮನೆ ಆಚೆ ಹೋಗುವ ಹೊಗೆಯ ಶಾಖದಿಂದಲೇ ನಿಮ್ಮ ಟರ್ಬೊ ಅದೇ ಕೆಲಸವನ್ನು ಈಗಾಗಲೇ ಮಾಡುತ್ತಿದೆ. ಅಮೆರಿಕದ ದೊಡ್ಡ ಪೆಟ್ರೋಲ್ ವಿ8 ಪಿಕಪ್‌ಗಳಲ್ಲಿ ಟರ್ಬೊ ಇರುವುದಿಲ್ಲ, ಹಾಗಾಗಿ ಅಲ್ಲಿ ಸೂಪರ್‌ಚಾರ್ಜರ್‌ಗೆ ಅರ್ಥವಿದೆ.

ಎಳೆತ ಕಡಿಮೆಯಾಗುವುದು, ಮುಳ್ಳು ಏರುವುದು ಎರಡನ್ನೂ ನೀವೇ ಬರೆದಿದ್ದೀರಿ. ಇವು ಬೇರೆ ಬೇರೆ ರೋಗಗಳಾಗಿರುವುದು ಕಡಿಮೆ. ಹೊರಗಿನ 35 ಡಿಗ್ರಿ ಗಾಳಿಯನ್ನು ಟರ್ಬೊ 1 ಬಾರ್‌ಗೆ ಒತ್ತಿದಾಗ ಅದು ಸುಮಾರು 130 ಡಿಗ್ರಿಗೆ ಕಾಯುತ್ತದೆ. ಇಂಟರ್‌ಕೂಲರ್ ಅದನ್ನು 60 ಡಿಗ್ರಿಗೆ ಇಳಿಸಿದರೆ ಅದೇ ಒತ್ತಡದಲ್ಲಿ ಐದನೇ ಒಂದು ಭಾಗ ಹೆಚ್ಚು ಗಾಳಿ ಸಿಲಿಂಡರ್ ಸೇರುತ್ತದೆ. ಇಂಟರ್‌ಕೂಲರ್‌ಗೆ ಕಸ ಕಟ್ಟಿಕೊಂಡರೆ ಆ ಲಾಭ ಹೋಯಿತು. ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆ ಬರುತ್ತದೆ, ಎಂಜಿನ್ ಇನ್ನಷ್ಟು ಕಾಯುತ್ತದೆ.

ಆದ್ದರಿಂದ ಮೊದಲು ಮುಂದಿನ ಗ್ರಿಲ್ ಬಿಚ್ಚಿಸಿ, ಇಂಟರ್‌ಕೂಲರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ಕಬ್ಬಿನ ಗದ್ದೆ, ಆಲೆಮನೆ ಸುತ್ತ ಓಡುವ ಗಾಡಿಗಳಲ್ಲಿ ತರಗಿನ ಪುಡಿ, ಬೂದಿ, ಹುಳು ಸೇರಿ ಅಲ್ಲಿ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ಚೊಕ್ಕಟವಾಗಿಯೇ ಕಾಣುತ್ತದೆ. ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಬೇಕು. ವಾಟರ್ ಸರ್ವೀಸ್ ಗನ್ ಹತ್ತಿರ ಹಿಡಿದರೆ ತೆಳ್ಳಗಿನ ರೆಕ್ಕೆಗಳು ಮಡಚಿಕೊಂಡು ಗಾಳಿಗೆ ದಾರಿಯೇ ಇರುವುದಿಲ್ಲ.

ಮುಂದಿನದು ಗಾಳಿ ಸೋರಿಕೆ. ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸ್‌ಗಳು ಕ್ಲಾಂಪ್ ಪಕ್ಕ, ಕೆಳಭಾಗದಲ್ಲಿ ಸೀಳುತ್ತವೆ. ಎಂಜಿನ್ ಸ್ಲೋನಲ್ಲಿದ್ದಾಗ ಆ ಸೀಳು ತುಟಿಯ ಹಾಗೆ ಮುಚ್ಚಿಕೊಂಡಿರುತ್ತದೆ, ಲೋಡ್ ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಎಂಜಿನ್ ಆಫ್ ಇರುವಾಗ ಟರ್ಬೊ ಬಾಯಿಗೆ ಟೈರ್ ವಾಲ್ವ್ ಕೂರಿಸಿದ ಬಿರಡೆ ಹಾಕಿ, 10 ಪಿಎಸ್‌ಐ ಗಾಳಿ ತುಂಬಿಸಿ, ಜಾಯಿಂಟ್‌ಗಳಿಗೆಲ್ಲ ಸೋಪಿನ ನೀರು ಬಳಿಸಿ. ಗುಳ್ಳೆ ಎದ್ದ ಹೋಸ್ ಬದಲಿಸಿ, ಸುತ್ತು ಟೇಪ್ ನಿಲ್ಲುವುದಿಲ್ಲ. ಅದೇ ಹೊತ್ತಿಗೆ ಟರ್ಬೊ ಶಾಫ್ಟ್ ಹಿಡಿದು ನೋಡಲಿ: ಅಡ್ಡಕ್ಕೆ ಕೂದಲೆಳೆಯಷ್ಟು ಆಟ ಇರುತ್ತದೆ, ಹಿಂದೆ ಮುಂದೆ ಆಡಿದರೆ ಟರ್ಬೊಗೆ ಕೆಲಸ ಬಂದಿದೆ ಎಂದೇ ಅರ್ಥ.

ಕೂಲೆಂಟ್ ವಿಚಾರದಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಕಾಫಿ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಸಿಲಿಂಡರ್ ಸುತ್ತಲೂ ಕಟ್ಟುತ್ತದೆ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಹಾಕಿಸಿ. ರೇಡಿಯೇಟರ್ ಕ್ಯಾಪಿನ ರಬ್ಬರ್ ಸವೆದಿದ್ದರೆ ಕ್ಯಾಪನ್ನೇ ಬದಲಿಸಿ. ಕ್ಯಾಪ್ ಸುಮಾರು 1 ಬಾರ್ ಒತ್ತಡ ಹಿಡಿದರೆ ಬರೀ ನೀರು ಕೂಡ 120 ಡಿಗ್ರಿವರೆಗೆ ಕುದಿಯುವುದಿಲ್ಲ, ಹಿಡಿಯದಿದ್ದರೆ 100ಕ್ಕೇ ಕುದಿಯುತ್ತದೆ. ವಿಸ್ಕಸ್ ಫ್ಯಾನ್ (ಕಾದಾಗ ಬಿಗಿಯಾಗುವ ಕಪ್ಲಿಂಗ್ ಮೂಲಕ ಎಂಜಿನ್ನೇ ತಿರುಗಿಸುವ ಫ್ಯಾನ್) ಇದ್ದರೆ, ಎಂಜಿನ್ ಚೆನ್ನಾಗಿ ಕಾದಾಗ ಆಫ್ ಮಾಡಿ ಕೀ ತೆಗೆದುಕೊಂಡು ಫ್ಯಾನ್ ಕೈಯಿಂದ ತಿರುಗಿಸಿ. ತಡೆ ಇರಬೇಕು. ಗಿರಗಿರ ಸುತ್ತಿದರೆ ಕಪ್ಲಿಂಗ್ ಹೋಗಿದೆ.

ಇಷ್ಟು ಮಾಡಿದ ಮೇಲೂ ಶಕ್ತಿ ಸಾಲದು ಎನಿಸಿದರೆ ಮಾತ್ರ ಮುಂದಿನ ಹೆಜ್ಜೆ. ಇಂಜೆಕ್ಷನ್ ವೈರಿಗೆ ಸಿಕ್ಕಿಸುವ ಅಗ್ಗದ ‘ಪವರ್ ಬಾಕ್ಸ್’ ಬೇಡವೇ ಬೇಡ. ಅದು ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಹೋಗುವ ಡೀಸೆಲ್‌ನ ಒತ್ತಡ) ಕಡಿಮೆ ಇದೆ ಎಂದು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಸುಳ್ಳು ಹೇಳಿ ಡೀಸೆಲ್ ಜಾಸ್ತಿ ಹೊಡೆಸುತ್ತದೆ, ಗಾಳಿ ಮಾತ್ರ ಹೆಚ್ಚುವುದಿಲ್ಲ. ಟ್ಯೂನಿಂಗ್ ಯೋಚನೆಗೂ ಮೊದಲು ಟರ್ಬೊಗೆ ಮುಂಚಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ಹೊಗೆಯ ಶಾಖ ಅಳೆಯುವ, ಕೆ-ಟೈಪ್ ಥರ್ಮೋಕಪಲ್ ಇರುವ ಮೀಟರ್ ಹಾಕಿಸಿ. ಉದ್ದನೆಯ ಏರಿನಲ್ಲಿ ಆ ಶಾಖ 700 ಡಿಗ್ರಿ ದಾಟಬಾರದು. ಪಿಸ್ಟನ್ ಮಾಡುವ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಪಿಸ್ಟನ್ ಉಳಿದಿರುವುದು ಕೆಳಗಿನಿಂದ ಚಿಮ್ಮುವ ಆಯಿಲ್, ಪ್ರತಿ ಸುತ್ತಿಗೂ ಬರುವ ತಣ್ಣನೆಯ ಗಾಳಿಯ ದಯೆಯಿಂದ. 1.6 ಲಕ್ಷ ಓಡಿದ ಎಂಜಿನ್ ಆದ್ದರಿಂದ ಕಂಪ್ರೆಶನ್ (ಸಿಲಿಂಡರ್ ಒಳಗೆ ಪಿಸ್ಟನ್ ಗಾಳಿಯನ್ನು ಒತ್ತುವ ಒತ್ತಡ) ಕೂಡ ಅಳೆಸಿ. ಸಿಲಿಂಡರ್‌ಗಳ ನಡುವೆ 3 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಟ್ಯೂನಿಂಗ್ ಮಾತೇ ಬೇಡ. ಕಂಪನಿಯ ಮಾಪನದಿಂದ ಗಾಡಿಯನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕಿದೆ ಎಂಬುದೂ ನೆನಪಿರಲಿ.

ಹತ್ತಿದ ಬೆಟ್ಟ ಇಳಿಯಲೂ ಬೇಕಲ್ಲ, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಲೇಬೇಕು. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ತಾಳಬೇಕು ಎಂಬುದು ಮಾನದಂಡ. ನೀರಿನ ಪಸೆ ಹೀರಿಕೊಂಡ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಬೆಟ್ಟ ಇಳಿಯುವಾಗ ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗುವುದು ಇದರಿಂದಲೇ. ಹತ್ತಿದ ಗೇರಿನಲ್ಲೇ ಇಳಿಯಿರಿ. ಏರು ಮುಗಿಸಿ ನಿಲ್ಲಿಸಿದಾಗ ಎರಡು ನಿಮಿಷ ಸ್ಲೋನಲ್ಲಿ ಬಿಟ್ಟು ಆಫ್ ಮಾಡಿ, ಇಲ್ಲದಿದ್ದರೆ ಟರ್ಬೊ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಟ್ರೈಲರ್ ಎಳೆಯುವ ಗಾಡಿಗೆ ಕಂಪನಿ ಹೇಳಿದ ಅರ್ಧ ಅಂತರಕ್ಕೇ ಆಯಿಲ್ ಬದಲಿಸುವುದು ಒಳ್ಳೆಯದು.

ಪ್ರಶ್ನೆ: ಖಾಲಿ ರಸ್ತೆಯಲ್ಲಿ 60 ದಾಟಿದರೆ ನನ್ನ ಟ್ರೈಲರ್ ಹಾವು ಹರಿದ ಹಾಗೆ ಆಡುತ್ತದೆ. ಹುಕ್ ಹೊಸದು. ತಪ್ಪು ಎಲ್ಲಿದೆ?
– ಮೈಸೂರಿನ ಓದುಗರು

ಉತ್ತರ: ಹೆಚ್ಚಾಗಿ ಲೋಡ್ ಜೋಡಿಸಿದ ರೀತಿಯಲ್ಲಿ. ತೂಕ ಟ್ರೈಲರಿನ ಆಕ್ಸಲ್‌ಗಿಂತ ಹಿಂದಕ್ಕೆ ಬಿದ್ದರೆ ಮೂತಿ ಹಗುರಾಗಿ ಬಾಲ ಅಲ್ಲಾಡುತ್ತದೆ. ಹುಕ್ ಮೇಲೆ ಕೂರುವ ಭಾರ ಟ್ರೈಲರಿನ ಒಟ್ಟು ತೂಕದ ಹತ್ತನೇ ಒಂದು ಭಾಗ ಇರಬೇಕು: 900 ಕೆ.ಜಿ.ಗೆ ಸುಮಾರು 90 ಕೆ.ಜಿ. ಸಮತಟ್ಟು ಜಾಗದಲ್ಲಿ ಟ್ರೈಲರಿನ ಮೂತಿಯನ್ನು ಹುಕ್‌ನ ಎತ್ತರಕ್ಕೆ ಸರಿಯಾಗಿ ತಕ್ಕಡಿಯ ಮೇಲೆ ಕೂರಿಸಿದರೆ ತಿಳಿಯುತ್ತದೆ. ಕಡಿಮೆ ಬಂದರೆ ಸಾಮಾನು ಮುಂದಕ್ಕೆ ಸರಿಸಿ. ಪಿಕಪ್ಪಿನ ಹಿಂದಿನ ಟೈರ್, ಟ್ರೈಲರ್ ಟೈರ್‌ಗಳ ಗಾಳಿಯನ್ನೂ ನೋಡಿ. ಹುಕ್ ಬಂಪರ್‌ಗೆ ವೆಲ್ಡ್ ಆಗಿದ್ದರೆ ಬಿಚ್ಚಿಸಿ, 8.8 ಗ್ರೇಡಿನ ಬೋಲ್ಟ್‌ಗಳಲ್ಲಿ ಚಾಸಿಗೆ ಕೂರಿಸಿ. ಟ್ರೈಲರ್‌ಗೂ ಪ್ರತ್ಯೇಕ ನೋಂದಣಿ ಬೇಕು.

ಆಡಲು ಶುರುವಾದಾಗ ಬ್ರೇಕ್ ಒತ್ತಬೇಡಿ, ಸ್ಟೇರಿಂಗ್ ತಿರುಗಿಸಿ ಸರಿಪಡಿಸಲೂ ಹೋಗಬೇಡಿ. ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ವೇಗ ಇಳಿದ ಹಾಗೆ ಅದೂ ಇಳಿಯುತ್ತದೆ.