ಒಂದೇ ವಿಪಿಎಸ್‌ನಲ್ಲಿ (ಬಾಡಿಗೆ ಸರ್ವರ್) ಮೂರು ಡೊಮೇನ್ ಮೇಲ್ ಇಟ್ಟಿದೀನಿ, ಮೂರನ್ನೂ ಪೋಸ್ಟ್‌ಫಿಕ್ಸ್‌ನ (ಮೇಲ್ ತಗೊಳ್ಳೋ, ಕಳಿಸೋ ಸಾಫ್ಟ್‌ವೇರ್) ಮೈಡೆಸ್ಟಿನೇಷನ್ ಸಾಲಿಗೆ ಹಾಕಿದೀನಿ, ಎಲ್ಲಾ ಡೊಮೇನಿನ 'ಇನ್ಫೋ' ಮೇಲೂ ಒಂದೇ ಡಬ್ಬಿಗೆ ಬೀಳ್ತಿದೆ, ಯಾಕೆ?

ಮೂರೂ ಡೊಮೇನನ್ನ ಮೈಡೆಸ್ಟಿನೇಷನ್ ಸಾಲಿಗೆ ಹಾಕಿದೀನಿ ಅಂತ ನೀವೇ ಬರ್ದಿದೀರಲ್ಲ, ಎಡವಟ್ಟು ಅಲ್ಲೇ ಇರೋದು. ಅಲ್ಲಿರೋ ಡೊಮೇನಿಗೆ ಮೇಲ್ ಬಂದ್ರೆ ಪೋಸ್ಟ್‌ಫಿಕ್ಸ್ ಬರೀ @ ಮುಂಚಿನ ಹೆಸರು ನೋಡಿ ಆ ಹೆಸರಿನ ಲಿನಕ್ಸ್ ಯೂಸರ್‌ಗೆ ಕೊಟ್ಟು ಕೈ ತೊಳ್ಕೊಳ್ಳುತ್ತೆ, ಇನ್ಫೋ ಅನ್ನೋ ಯೂಸರ್ ಸರ್ವರ್‌ನಲ್ಲಿ ಇರೋದು ಒಬ್ಬನೇ ತಾನೇ!

ಅಲ್ಲಿ ಲೋಕಲ್‌ಹೋಸ್ಟ್ ಒಂದು ಬಿಟ್ಟು ಮೂರನ್ನೂ ತೆಗೀರಿ, ವರ್ಚುವಲ್ ಮೇಲ್‌ಬಾಕ್ಸ್ ಡೊಮೇನ್ಸ್ ಅನ್ನೋ ಸಾಲಿಗೆ ಹಾಕಿ. ಎರಡೂ ಕಡೆ ಇಡಬೇಡಿ, ಲಾಗ್‌ನಲ್ಲಿ ವಾರ್ನಿಂಗ್ ಬರುತ್ತೆ, ಯಾರೂ ಓದಲ್ಲ ಅಷ್ಟೇ. ಆಮೇಲೆ ವಿಮೇಲ್ ಅಂತ ಒಬ್ಬನೇ ಲಿನಕ್ಸ್ ಯೂಸರ್ (ಐಡಿ 5000 ಅಂತ ಕೊಡೋದು ರೂಢಿ, ಬೇರೆ ಕೊಟ್ರೂ ನಡೆಯುತ್ತೆ), ಮೇಲ್ ಫೋಲ್ಡರ್ ಎಲ್ಲಾ ಅವನ ಹೆಸರಲ್ಲೇ, ಒಳಗೆ ಡೊಮೇನಿಗೊಂದು ಫೋಲ್ಡರ್, ಅದರೊಳಗೆ ಮೇಲ್ ಐಡಿಗೊಂದು. ಡೆಲಿವರಿ ಕೆಲಸ ಎಲ್‌ಎಂಟಿಪಿ (ಸರ್ವರ್ ಒಳಗೆ ಮೇಲ್ ದಾಟಿಸೋ ರೀತಿ) ಮೂಲಕ ಡವ್‌ಕಾಟ್‌ಗೆ (ಮೇಲ್ ಡಬ್ಬಿ ನೋಡ್ಕೊಳ್ಳೋ ಸಾಫ್ಟ್‌ವೇರ್) ಬಿಡಿ.

ಇಷ್ಟು ಮಾಡಿದ್ರೂ ನಂಗೆ ಕೈ ಕೊಟ್ಟಿತ್ತು. ಮಾವನ ಹಾರ್ಡ್‌ವೇರ್ ಅಂಗಡಿದೂ ಒಂದು ಕಲ್ಯಾಣ ಮಂಟಪದ್ದೂ ಒಂದೇ ಸರ್ವರ್‌ನಲ್ಲಿ ಇಟ್ಟಿದ್ದೆ, ಒಂದಿನ ಮಂಟಪದವ್ರು ಫೋನ್ ಮಾಡಿ "ಸಾರ್, ನಮಗ್ಯಾಕೆ ಸಿಮೆಂಟ್ ಕೊಟೇಶನ್ ಬರ್ತಿದೆ" ಅಂದ್ರು. ಎರಡು ರಾತ್ರಿ ಪೋಸ್ಟ್‌ಫಿಕ್ಸ್ ಬೈದೆ, ತಪ್ಪಿದ್ದಿದ್ದು ಡವ್‌ಕಾಟ್‌ನಲ್ಲಿ. ಯಾವ್ದೋ ಗೈಡ್ ನೋಡಿ ಆಥ್ ಯೂಸರ್‌ನೇಮ್ ಫಾರ್ಮ್ಯಾಟ್ ಅನ್ನೋ ಸೆಟ್ಟಿಂಗ್‌ಗೆ ಪರ್ಸೆಂಟ್ ಎನ್ (%n) ಕೊಟ್ಟಿದ್ದೆ, ಅದು ಡೊಮೇನ್ ಕತ್ತರಿಸಿ ಬಿಸಾಕುತ್ತೆ. ಪರ್ಸೆಂಟ್ ಯು (%u, ಅಂದ್ರೆ ಪೂರ್ತಿ ಅಡ್ರೆಸ್) ಮಾಡಿದ್ಮೇಲೆ ಸರಿ ಹೋಯ್ತು. ಇದು ಡವ್‌ಕಾಟ್ 2.3ರ ಮಾತು, ನಿಮ್ದು 2.4 ಆಗಿದ್ರೆ ಕಾನ್ಫಿಗ್ ಬರೆಯೋ ರೀತಿನೇ ಬೇರೆ, ಹಳೇ ಗೈಡ್ ಕಾಪಿ ಹೊಡೀಬೇಡಿ. ಡವ್‌ಕಾಟ್‌ನ doveadm user ಕಮಾಂಡ್‌ಗೆ ಪೂರ್ತಿ ಅಡ್ರೆಸ್ ಕೊಟ್ಟು ನೋಡಿ, ಮೂರು ಐಡಿಗೂ ಬೇರೆ ಬೇರೆ ಫೋಲ್ಡರ್ ತೋರಿಸ್ಬೇಕು.

ಡಿಎನ್‌ಎಸ್‌ಗೆ (ಡೊಮೇನಿನ ವಿಳಾಸ ದಾಖಲೆ) ತಲೆ ಕೆಡಿಸ್ಕೋಬೇಡಿ, ಮೂರರ ಎಂಎಕ್ಸೂ (ಮೇಲ್ ಯಾವ ಸರ್ವರ್‌ಗೆ ಹೋಗ್ಬೇಕು ಅನ್ನೋ ದಾಖಲೆ) ಒಂದೇ ಸರ್ವರ್ ಹೆಸರಿಗೆ ತೋರಿಸಿ, ಸರ್ಟಿಫಿಕೇಟೂ ಪಿಟಿಆರೂ (ಐಪಿಯಿಂದ ಹೆಸರು ಹೇಳೋ ದಾಖಲೆ) ಆ ಹೆಸರಿಗೊಂದು ಸಾಕು. ಎಸ್‌ಪಿಎಫ್ (ಯಾವ ಸರ್ವರ್ ಮೇಲ್ ಕಳಿಸ್ಬಹುದು ಅನ್ನೋ ಪಟ್ಟಿ), ಡಿಕಿಮ್ (ಮೇಲ್ ಮೇಲಿನ ಡಿಜಿಟಲ್ ಸಹಿ) ಮಾತ್ರ ಪ್ರತಿ ಡೊಮೇನಿಗೂ ಹಾಕಿ, ಎರಡೂ ಇಲ್ಲಾಂದ್ರೆ ಜಿಮೇಲ್ ಒಳಗೇ ಬಿಡದೇ ಇರಬಹುದು.

ಈಗಾಗ್ಲೇ ಕಲಸಿ ಹೋಗಿರೋ ಮೇಲ್ ಅಳಿಸ್ಬೇಡಿ. ಹೆಡರ್‌ನಲ್ಲಿ ಎಕ್ಸ್-ಒರಿಜಿನಲ್-ಟು ಅಂತ ಇರುತ್ತೆ, ಯಾವ ಡೊಮೇನಿಗೆ ಬಂದಿದ್ದು ಅಂತ ಅದ್ರಲ್ಲೇ ಗೊತ್ತಾಗುತ್ತೆ, ನೋಡ್ಕೊಂಡು ಒಂದೊಂದೇ ಬೇರೆ ಮಾಡಿ.